ಕೆರೆ ಏರಿ ಮೇಲೆ ಇಷ್ಟೊಂದು ಗುಟ್ಟು ಯಾಕೆ?

ಈ ಸಲ ಕೊಪ್ಪಳದ ಗವಿಮಠದ ಜಾತ್ರೆಗೆ ಸರಿಯಾಗಿ ರಜೆ ಸಿಕ್ಕಿತು. ಜಾತ್ರೆ ಮುಗಿಯುವ ತನಕ ಮನೆಯಲ್ಲಿ ಮೀನಿನ ಮಾತು ಎತ್ತುವ ಹಾಗಿಲ್ಲ. ಹಾಗಾಗಿ ತೇರು ಎಳೆದ ಮೇಲೆ ಎರಡು ದಿನ ಬಿಟ್ಟು ನಮ್ಮೂರ ಕೆರೆಗೆ ಹೋದೆ. ನಮ್ಮದು ಗಂಗಾವತಿ ಹತ್ತಿರದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ಬಸಿ ನೀರು ಬಂದು ನಿಲ್ಲುವ ಸಣ್ಣ ಕೆರೆ. ಏರಿ ಮೇಲೆ ಒಬ್ಬ ಗಾಳ ಹಾಕಿಕೊಂಡು ಕುಳಿತಿದ್ದ. ಪಕ್ಕದ ಚೀಲದಲ್ಲಿ ಒಳ್ಳೇ ರೋಹು ಒದ್ದಾಡುತ್ತಿತ್ತು.

"ಗಾಳಕ್ಕ ಏನ್ ಹಾಕೀರಿ ಅಣ್ಣಾ?" ಅಂದೆ.

"ಏನಿಲ್ಲ ತಮ್ಮಾ, ಸುಮ್ನ ಹಿಟ್ಟು" ಅಂದ. ಹಾಗೆ ಅನ್ನುತ್ತಲೇ ಹೆಗಲ ಟವೆಲ್ ಎಳೆದು ಪಕ್ಕದ ಡಬ್ಬಿ ಮುಚ್ಚಿದ.

ಶೇಂಗಾ ಹಿಂಡಿಯ ವಾಸನೆ ನನ್ನ ಮೂಗಿಗೂ ಬಡಿಯುತ್ತಿತ್ತು. ಅದರ ಜೊತೆ ಏನು ಬೆರೆಸಿದ್ದನೋ, ದೇವರಿಗೇ ಗೊತ್ತು. ನಾನೇನು ಅವನ ಆಸ್ತಿ ಪಾಲು ಕೇಳಿದ್ದೆನಾ?

ನಾನೀಗ ಇರುವ ಅಮೆರಿಕದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ನಮ್ಮ ಪಾರ್ಕಿನ ಹೊಂಡದ ದಂಡೆಯಲ್ಲಿ ಇದೇ ಪ್ರಶ್ನೆ ಕೇಳಿ ನೋಡಿ. ಉತ್ತರ ಮುಗಿಯುವ ಹೊತ್ತಿಗೆ ನಿಮ್ಮ ಕಾಫಿ ಆರಿರುತ್ತದೆ. ಅಲ್ಲಿ ಎಲ್ಲರೂ ಬೆನ್ನು ಹತ್ತುವುದು ಬಾಸ್ ಮೀನನ್ನು, ಅದರಲ್ಲೂ ಲಾರ್ಜ್‌ಮೌತ್ ಅನ್ನುವ ದೊಡ್ಡ ಬಾಯಿಯ ಜಾತಿ. ಸ್ವಭಾವದಲ್ಲಿ ನಮ್ಮ ಕೊರಮೀನಿನ ಹಾಗೆಯೇ. ಜೊಂಡಿನ ಸಂದಿಯಲ್ಲೋ, ಬಿದ್ದ ಮರದ ಕೆಳಗೋ ಹೊಂಚು ಹಾಕಿ ಕೂತು, ಎದುರಿಗೆ ಬಂದಿದ್ದನ್ನು ಗಬಕ್ಕನೆ ಬಾಯಿಗೆ ಹಾಕಿಕೊಳ್ಳುತ್ತದೆ.

ನನಗೆ ಅದರ ಪಾಠ ಹೇಳಿದ್ದು ವಿಯೆಟ್ನಾಮಿನಿಂದ ಬಂದು ನೆಲೆಸಿದ ಒಬ್ಬ ಅಜ್ಜ. ಪರಿಚಯ ಇಲ್ಲ, ಏನಿಲ್ಲ. ನಾನು ರಾಡ್ ಹಿಡಿದು ನೀರಿನ ಕಡೆ ಹೊರಟಿದ್ದೆ, ಕೈ ಹಿಡಿದು ನಿಲ್ಲಿಸಿದ. ಸಣ್ಣ ಹೊಂಡದಲ್ಲಿ ಮೀನು ನಡುನೀರಿಗಿಂತ ಅಂಚಿನಲ್ಲೇ ಜಾಸ್ತಿ ಇರುತ್ತದಂತೆ. ಮೊದಲ ಗಾಳ ಹತ್ತು ಹೆಜ್ಜೆ ಹಿಂದಿನಿಂದಲೇ ಎಸೆಯಬೇಕು. ನೆರಳು ನೀರಿಗೆ ಬೀಳಬಾರದು. ಆಮೇಲೆ ದಂಡೆಗುಂಟ ಎಸೆಯುತ್ತಾ ಹೋಗಬೇಕು, ಎದುರು ದಂಡೆಗಲ್ಲ. ಚಳಿ ಕಳೆಯುವ ಹೊತ್ತಿಗೆ ಉತ್ತರದ ದಂಡೆ ಮೊದಲು ನೋಡಬೇಕು. ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತದೆ, ಬಡಗಾಳಿಯ ಕಾಟವೂ ಕಡಿಮೆ, ನೀರು ಬೇಗ ಬೆಚ್ಚಗಾಗುತ್ತದೆ. ನೀರು 16-18 ಡಿಗ್ರಿ ಸೆಲ್ಸಿಯಸ್‌ಗೆ ಬಂತು ಅಂದರೆ ಬಾಸ್ ಮೊಟ್ಟೆ ಇಡಲು ದಂಡೆಗೇ ಬರುತ್ತದೆ.

ಟೆಕ್ಸಸ್ ರಿಗ್ ಅನ್ನುವ ಗಾಳದ ಜೋಡಣೆ ಕಟ್ಟುವುದನ್ನೂ ಅವನೇ ತೋರಿಸಿದ. ದಾರಕ್ಕೆ ಬುಲೆಟ್ ಆಕಾರದ ತೂಕ, ಅದರ ಕೆಳಗೆ ಕೊರಳು ಬಾಗಿದ ಗಾಳ, ಗಾಳಕ್ಕೆ ಪ್ಲಾಸ್ಟಿಕ್ ಹುಳ. ಗಾಳದ ಮೊನೆಯನ್ನು ಮತ್ತೆ ಹುಳದ ಮೈಯೊಳಗೇ ಹುದುಗಿಸಬೇಕು. ಆಗ ಜೊಂಡಿನಲ್ಲಿ ಎಳೆದರೂ ಸಿಕ್ಕಿಕೊಳ್ಳುವುದಿಲ್ಲ. ನೀರು ತಿಳಿಯಾಗಿದ್ದರೆ ಹಸಿರು ಹುಳ, ಕದಡಿದ್ದರೆ ಕಪ್ಪು. ಇಷ್ಟೆಲ್ಲ ಹೇಳಿ ಅರ್ಧ ಪ್ಯಾಕೆಟ್ ಹುಳ ನನ್ನ ಕೈಗೆ ಹಾಕಿ ಹೋದ. ಅವನ ಇಂಗ್ಲಿಷ್ ಅಷ್ಟಕ್ಕಷ್ಟೇ, ನನ್ನ ಟೆಕ್ಸಸ್ ಇಂಗ್ಲಿಷೂ ಅಷ್ಟೇ. ಎಲ್ಲಾ ಕೈಸನ್ನೆಯಲ್ಲೇ ನಡೆಯಿತು.

ಅವನೊಬ್ಬನೇ ಅಲ್ಲ. ಮೆಕ್ಸಿಕೋದ ಗಾರೆ ಕೆಲಸದವರು, ಶಾಲೆ ತಪ್ಪಿಸಿ ಬಂದ ಹುಡುಗರು, ಪಿಂಚಣಿದಾರರು, ಎಲ್ಲರದೂ ಅದೇ ಧಾಟಿ. ಯಾರದ್ದಾದರೂ ರಾಡ್ ಬಾಗಿದರೆ ಸಾಕು, ಪಕ್ಕದವ ತನ್ನ ದಾರ ಸುತ್ತಿಕೊಂಡು ಓಡಿ ಬರುತ್ತಾನೆ. ಕೈ ಒದ್ದೆ ಮಾಡಿಕೊಂಡು, ಕೆಳದವಡೆಗೆ ಹೆಬ್ಬೆರಳು ಕೊಟ್ಟು, ಹೊಟ್ಟೆಗೆ ಇನ್ನೊಂದು ಕೈ ಆಸರೆ ಮಾಡಿ ಮೀನು ಎತ್ತುತ್ತಾರೆ. ಒಂದು ಫೋಟೋ, ಆಮೇಲೆ ಮೀನು ವಾಪಸ್ ನೀರಿಗೆ. ತಿನ್ನಬಾರದು ಅಂತೇನೂ ಇಲ್ಲ. 17 ವರ್ಷ ಆದವರು ಲೈಸೆನ್ಸ್ ಮಾಡಿಸಿಕೊಂಡರೆ ಸಾಮಾನ್ಯವಾಗಿ ದಿನಕ್ಕೆ 5 ಬಾಸ್ ಒಯ್ಯಬಹುದು, ಒಂದೊಂದೂ 14 ಇಂಚಿಗೆ ಕಡಿಮೆ ಇರಬಾರದು, ಅಷ್ಟೇ. ಆದರೂ ಹೆಚ್ಚಿನವರು ಬಿಟ್ಟೇಬಿಡುತ್ತಾರೆ.

ಇದು ಅವರ ರಕ್ತದಲ್ಲೇ ಇತ್ತು ಅಂದುಕೊಳ್ಳಬೇಡಿ. ಹಿಂದೆ ಅವರೂ ಸರದ ಹಾಗೆ ಪೋಣಿಸಿಕೊಂಡು ಮನೆಗೆ ಒಯ್ಯುತ್ತಿದ್ದವರೇ. ಬಾಸ್ ಪಂದ್ಯಗಳನ್ನು ನಡೆಸುತ್ತಿದ್ದ ರೇ ಸ್ಕಾಟ್ ಅನ್ನುವವರು 1972ರಲ್ಲಿ, ಹಿಡಿದ ಮೀನನ್ನು ಕೊಲ್ಲಬೇಡಿ ಅಂತ ಶುರು ಮಾಡಿದ ಮೇಲೆ ಈ ರೂಢಿ ಬೆಳೆಯಿತು. ಟೆಕ್ಸಸ್ ಸರ್ಕಾರ 1986ರಿಂದ ಇನ್ನೊಂದು ಕೆಲಸ ನಡೆಸಿಕೊಂಡು ಬಂದಿದೆ. ಯಾರಿಗಾದರೂ 13 ಪೌಂಡ್ ಮೀರಿದ ಬಾಸ್ ಸಿಕ್ಕರೆ, ಆರು ಕೆಜಿ ಹತ್ತಿರ ಆಯಿತಲ್ವಾ, ಅದನ್ನು ಮರಿ ಮಾಡಿಸಲು ಸರ್ಕಾರಕ್ಕೆ ಕಡ ಕೊಡಬಹುದು. ಜನ ಹೆಮ್ಮೆಯಿಂದ ಕೊಡುತ್ತಾರೆ. ನಮ್ಮ ಕಡೆ ಅಷ್ಟು ದೊಡ್ಡ ಮೀನು ಸಿಕ್ಕರೆ ಮೊದಲು ಮಸಾಲೆ ರುಬ್ಬುವ ಸದ್ದು ಕೇಳುತ್ತದೆ.

ಹೀಗೆಲ್ಲ ಅನ್ನುತ್ತಾ ಚಿಕ್ಕಪ್ಪನ ಮಗನ ಮುಂದೆ ಡಬ್ಬಿ ಮುಚ್ಚಿದವನ ಕತೆ ಹೇಳಿದೆ. ಅವನು ಮೀನುಗಾರರ ಸಂಘದಲ್ಲಿದ್ದಾನೆ. ನಮ್ಮೂರ ಕೆರೆಯ ಗುತ್ತಿಗೆ ಆ ಸಂಘದ್ದೇ. ಅವನು ನಗಲೂ ಇಲ್ಲ, ಸಿಟ್ಟೂ ಆಗಲಿಲ್ಲ.

"ಅಣ್ಣಾ, ನಿಮ್ಮ ಬಾಸ್ ಆ ಹೊಂಡದಾಗ ಮರಿ ಮಾಡ್ತಾವ. ನಮ್ಮ ಕಾಟ್ಲಾ, ರೋಹು ನಿಂತ ನೀರಾಗ ಮರಿ ಮಾಡ್ತಾವೇನು? ವರ್ಷಾ ವರ್ಷಾ ಡ್ಯಾಮ್‌ನಿಂದ ಮರಿ ತಂದು ಬಿಡೋರು ನಾವು. ಅಂವ ಗುಟ್ಟು ಬಿಟ್ಟುಕೊಟ್ಟ ಅಂದ್ರ ನಾಳೆ ಏರಿ ಮ್ಯಾಲೆ ಇಪ್ಪತ್ತು ಗಾಳ ಕುಂದರ್ತಾವ. ಮರಿಗೆ ರೊಕ್ಕ ಕೊಟ್ಟೋರು ಏನ್ ಮಾಡ್ಬೇಕು?"

ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಅವನು ಹೇಳಿದ್ದು ನಿಜ. ಕಾಟ್ಲಾ, ರೋಹು, ಮೃಗಾಲ್ ಮೂರಕ್ಕೂ ಮೊಟ್ಟೆ ಇಡಲು ಮುಂಗಾರಿನ ಹರಿಯುವ ಹೊಳೆ ಬೇಕು. ಕೆರೆಯಲ್ಲಿ ಅವು ಬೆಳೆಯುತ್ತವೆ, ಪೀಳಿಗೆ ಮುಂದುವರಿಸುವುದಿಲ್ಲ. ಮೀನುಮರಿ ಸಾಕಣೆ ಕೇಂದ್ರ ಇಲ್ಲದಿದ್ದರೆ ನಮ್ಮ ಕೆರೆಗಳಲ್ಲಿ ಇಷ್ಟು ಮೀನೇ ಇರುವುದಿಲ್ಲ. ಹಾಗಿರುವಾಗ ದಪ್ಪ ರೋಹು ಹಿಡಿದು ವಾಪಸ್ ಬಿಟ್ಟರೆ ಕೆರೆಗೇನೂ ಲಾಭವಿಲ್ಲ, ಸಂಘಕ್ಕೆ ನಷ್ಟ. ಅಮೆರಿಕದಲ್ಲೂ ಬಹುಮಾನದ ಹಣ ಇರುವ ಪಂದ್ಯಗಳಲ್ಲಿ ಯಾರೂ ತಮ್ಮ ಜಾಗ ಬಾಯಿ ಬಿಡುವುದಿಲ್ಲ, ಇದನ್ನೂ ಹೇಳಲೇಬೇಕು. ನನ್ನ ಹೊಂಡದ ಅಜ್ಜ ಹುಳ ಹಂಚಿದ, ಸರಿ. ಅವನ ರಾತ್ರಿ ಊಟ ಆ ಹುಳದ ಮೇಲೆ ನಿಂತಿರಲಿಲ್ಲ. ಇನ್ನೊಂದು ವಿಷಯ: ಆ ದಂಡೆಯ ಗೆಳೆಯರಲ್ಲಿ ಒಬ್ಬರ ಮನೆಯನ್ನೂ ನಾನು ಕಂಡಿಲ್ಲ. ನಮ್ಮೂರಲ್ಲಿ ಬಲೆ ಎಳೆದ ದಿನ ಏರಿ ಮೇಲೆ ನಿಂತವರಿಗೆಲ್ಲ ಒಂದೊಂದು ಮೀನು ಸಿಗುತ್ತದೆ. ಹಾಗೆ ಬರಿಗೈಯಲ್ಲಿ ಕಳಿಸಿದ್ದನ್ನು ನಾನು ನೋಡಿಲ್ಲ.

ಆದರೂ ನಾನು ಪೂರ್ತಿ ಸೋಲುವುದಿಲ್ಲ. ಕೊರಮೀನಿನ ಮಾತು ಬೇರೆ. ಅದಕ್ಕೆ ಹೊಳೆ ಬೇಕಿಲ್ಲ, ಮರಿ ತಂದು ಬಿಡುವವರೂ ಬೇಕಿಲ್ಲ. ಮಳೆ ಬಿದ್ದರೆ ಕೆರೆ ಅಂಚಿನ ಜೊಂಡಿನಲ್ಲೇ ಮೊಟ್ಟೆ ಇಡುತ್ತದೆ. ಕೆಂಪು ಮರಿಗಳು ಗುಂಪಾಗಿ ನೀರಿನ ಮೇಲ್ಮೈಗೆ ಬರುತ್ತವೆ, ತಂದೆ ತಾಯಿ ಕೆಳಗೇ ಕಾವಲು ಇರುತ್ತವೆ. ನಮ್ಮ ಹುಡುಗರು ಸರಿಯಾಗಿ ಆಗಲೇ, ಆ ಕೆಂಪು ಗುಂಪಿನ ಮುಂದೆಯೇ ಕಪ್ಪೆ ಕಟ್ಟಿದ ಗಾಳ ಕುಣಿಸುತ್ತಾರೆ. ಮರಿ ಕಾಯುವ ಮೀನು ಸಿಟ್ಟಿಗೆ ಬಂದು ಕಚ್ಚುತ್ತದೆ. ಅದು ಹೋಯಿತು ಅಂದರೆ ಮರಿಗಳು ಸಂಜೆಯೊಳಗೆ ಬೇರೆ ಮೀನುಗಳ ಬಾಯಿಗೆ. ಕಾವಲಿರುವ ಆ ಒಂದು ತಿಂಗಳು ಕೊರಮೀನು ಬಿಟ್ಟುಬಿಡಿ ಅಂದರೆ ಯಾರ ರೊಕ್ಕ ಹೋಗುತ್ತದೆ? ಒಮ್ಮೆ ಬಿಟ್ಟು ನೋಡಿದರೆ ಮುಂದಿನ ವರ್ಷ ಪುಕ್ಕಟೆ ಮೀನು.

ಇದನ್ನೂ ತಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿದ. "ಮಾತು ಖರೇ ಐತಿ. ಸಂಘದಾಗ ನಾ ಹೇಳ್ತೀನಿ. ಹುಡುಗರಿಗೆ ನೀನ ಹೇಳಣ್ಣಾ, ಮಳೆಗಾಲದಾಗ ಬಾ" ಅಂದ. ಮಳೆಗಾಲದಲ್ಲಿ ನನಗೆ ರಜೆ ಸಿಗುವುದಿಲ್ಲ. ವಿಡಿಯೋ ಕಾಲ್ ಮಾಡ್ತೀನಿ ಅಂದಿದ್ದೇನೆ.