ಅಮ್ಮನ ಬೆರಳು ಇವರಿಗೆ ಬೆರಳಲ್ವಾ?

ಹೋದ ಮಂಗಳವಾರ ಸಂಜೆ ಅಮ್ಮನಿಗೆ ಒಂಬತ್ತು ಸಲ ಫೋನ್ ಮಾಡಿದೆ. ಒಂಬತ್ತೂ ಸಲ ರಿಂಗ್ ಆಗಿ ಆಗಿ ನಿಂತುಹೋಯಿತು. ತೀರ್ಥಹಳ್ಳಿ ಕಡೆಯ ನಮ್ಮ ಮನೆ ತೋಟದ ನಡುವೆ ಇದೆ. ಅಪ್ಪ ಹೋದ ಮೇಲೆ ಅಲ್ಲಿ ಅಮ್ಮ ಒಬ್ಬಳೇ. ನಾನು ಬೆಂಗಳೂರಿನಲ್ಲಿ. ಕೈಕಾಲು ನಡುಗಿ ಆಚೆ ಮನೆ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಟಾರ್ಚ್ ಹಿಡಿದು ಸಂಕ ದಾಟಿ ಹೋಗಿ ನೋಡಿದರೆ, ಅಮ್ಮ ಜಗುಲಿಯಲ್ಲಿ ಫೋನ್ ಹಿಡಿದುಕೊಂಡು ಕೂತಿದ್ದಾಳೆ. ಕಣ್ಣಲ್ಲಿ ನೀರು. "ಎತ್ತಕ್ಕೇ ಆಗಲ್ಲ ಮಾರಾಯ. ಎಷ್ಟು ಉಜ್ಜಿದ್ರೂ ಆ ಹಸಿರು ಗುರುತು ಮೇಲೆ ಹೋಗಲ್ಲ" ಅಂದಳು.

ಆ ಫೋನ್ ಕೊಡಿಸಿದ್ದು ನಾನೇ. ಹದಿನೇಳು ಸಾವಿರ ಕೊಟ್ಟು, ದೀಪಾವಳಿಗೆ.

ಅಮ್ಮ ಮೂವತ್ತೈದು ವರ್ಷದಿಂದ ಅಡಿಕೆ ಸುಲಿಯುತ್ತಿದ್ದಾಳೆ. ಕೊಯ್ಲಿನ ದಿನಗಳಲ್ಲಿ ಬೆಳಗಿನ ಜಾವಕ್ಕೇ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿಯವರೆಗೂ ಅದೇ ಕೆಲಸ. ಹೆಬ್ಬೆರಳು, ತೋರುಬೆರಳು ದಡ್ಡುಗಟ್ಟಿವೆ. ಅಡಿಕೆ ರಸಕ್ಕೆ ಚರ್ಮ ಕಪ್ಪಾಗಿ ಒಣಗಿ ಬಿರುಕು ಬಿಟ್ಟಿದೆ. ಈ ಬೆರಳನ್ನು ಆ ಫೋನ್ ಬೆರಳು ಅಂತಲೇ ಒಪ್ಪುವುದಿಲ್ಲ!

ಫೋನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 5000 ಎಂಎಎಚ್ ಬ್ಯಾಟರಿ, ಅಮ್ಮನ ಬಳಕೆಗೆ ಎರಡು ದಿನ ಆರಾಮಾಗಿ ಬರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಇದು ದೊಡ್ಡ ಉಪಕಾರ. ಸ್ಪೀಕರ್ ಜೋರಾಗಿದೆ. ಪರದೆ ದೊಡ್ಡದು, ಅಕ್ಷರವನ್ನು ಎಷ್ಟು ಬೇಕಾದರೂ ದಪ್ಪ ಮಾಡಬಹುದು. ಕ್ಯಾಮೆರಾ ಅಂತೂ ಬಹಳ ಚೆನ್ನಾಗಿದೆ. ಎಲೆಚುಕ್ಕಿ ರೋಗ ಬಂದ ಸೋಗೆಯ ಫೋಟೋ ತೆಗೆದೆ, ಒಂದೊಂದು ಚುಕ್ಕಿಯೂ ಸ್ಪಷ್ಟವಾಗಿ ಕಂಡಿತು. ವಿಡಿಯೋ ಕಾಲ್‌ನಲ್ಲಿ ಮೊಮ್ಮಗಳ ಮುಖ ಕಂಡಾಗ ಅಮ್ಮ ಪರದೆಯ ಮೇಲೇ ಅವಳ ಕೆನ್ನೆ ಸವರಿದಳು. ಅದಕ್ಕೋಸ್ಕರವೇ ಅಲ್ವಾ ನಾನು ಇದನ್ನು ಕೊಡಿಸಿದ್ದು.

ಆದರೆ ಆ ಕರೆಯನ್ನು ಎತ್ತಿ ಕೊಡಲು ಪ್ರತಿ ಸಲ ಯಾರಾದರೂ ಪಕ್ಕದಲ್ಲಿ ಇರಬೇಕು ಅಂದರೆ ಹೇಗೆ?

ಹೋದ ಶನಿವಾರ ಊರಿಗೆ ಹೋಗಿ ಫೋನನ್ನು ಸರ್ವಿಸ್ ಸೆಂಟರ್‌ಗೆ ತೆಗೆದುಕೊಂಡು ಹೋದೆ. ಅಲ್ಲಿನ ಹುಡುಗ ತನ್ನ ಬೆರಳಲ್ಲಿ ಎಳೆದು ತೋರಿಸಿದ. "ಟಚ್ ಪರ್ಫೆಕ್ಟ್ ಆಗಿದೆ ಸರ್, ನೋಡಿ." ನಿನ್ನ ಕೈಗೆ ಬರುತ್ತದಪ್ಪಾ, ನಮ್ಮ ಅಮ್ಮನ ಕೈಗೆ ಬರಲ್ಲ ಅಂದೆ. "ಹಾಗಾದ್ರೆ ಫೋನಲ್ಲಿ ಪ್ರಾಬ್ಲಂ ಇಲ್ಲ ಸರ್. ಅಮ್ಮಂಗೆ ಕೈ ಚೆನ್ನಾಗಿ ತೊಳ್ಕೊಂಡು ಮುಟ್ಟೋಕೆ ಹೇಳಿ" ಅಂದ. ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಸುಮ್ಮನೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಆ ಕ್ಷಣದಿಂದ ನನ್ನ ಹೊಟ್ಟೆ ಉರಿಯುತ್ತಲೇ ಇದೆ.

ಅದು ಕೊಳೆ ಅಲ್ಲ. ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ಈ ಪರದೆಗಳು ಒತ್ತಡಕ್ಕೆ ಕೆಲಸ ಮಾಡುವುದಿಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ ಜಾಲ ಇರುತ್ತದೆ. ಬೆರಳು ಹತ್ತಿರ ಬಂದಾಗ ಅದರಲ್ಲಿ ಸಣ್ಣ ಏರುಪೇರು ಆಗುತ್ತದೆ, ಫೋನ್ ಅದನ್ನು ಸ್ಪರ್ಶ ಅಂತ ಲೆಕ್ಕ ಹಾಕುತ್ತದೆ. ಬೆರಳಲ್ಲಿ ತೇವ ಇದ್ದರೆ ಇದು ಸಲೀಸು. ಚರ್ಮ ಒಣಗಿ ದಪ್ಪವಾದಷ್ಟೂ ಆ ಏರುಪೇರು ಕಡಿಮೆ. ಹೋಗಲಿ ಅಂತ ಬೆರಳು ಒದ್ದೆ ಮಾಡಿಕೊಂಡರೆ, ನೀರಿನ ಹನಿಯನ್ನೇ ಬೆರಳು ಅಂದುಕೊಂಡು ಎಲ್ಲೆಲ್ಲೋ ತೆರೆಯುತ್ತದೆ. 2007ರಲ್ಲಿ ಐಫೋನ್ ಬಂದ ಮೇಲೆ ಈ ಬಗೆಯ ಪರದೆಯೇ ಎಲ್ಲ ಕಡೆ ಆಯಿತು. ಅದಕ್ಕೂ ಮುಂಚೆ ಒತ್ತಿದರೆ ಕೆಲಸ ಮಾಡುವ ಟಚ್‌ಸ್ಕ್ರೀನ್‌ಗಳಿದ್ದವು. ಐಫೋನ್ ಬಂದ ಮರುವರ್ಷ, 2008ರಲ್ಲಿ ಬಂದ ನೋಕಿಯಾ 5800 ಕೂಡ ಇನ್ನೂ ಅಂಥದ್ದೇ. ಉಗುರಿನಲ್ಲಿ ಒತ್ತಿದರೂ ನಡೆಯುತ್ತಿತ್ತು, ಕಡ್ಡಿಯಲ್ಲಿ ಒತ್ತಿದರೂ ನಡೆಯುತ್ತಿತ್ತು. ಅದು ನಿಧಾನ ಇತ್ತು, ನಿಜ. ಆದರೆ ನಿನ್ನ ಚರ್ಮ ಹೇಗಿದೆ ಅಂತ ಕೇಳುತ್ತಿರಲಿಲ್ಲ.

ಬೆರಳಚ್ಚಿನ ಲಾಕ್ ಬಗ್ಗೆ ಮಾತೇ ಬೇಡ. ಹತ್ತು ಬೆರಳಲ್ಲೂ ಪ್ರಯತ್ನಪಟ್ಟೆವು. ಗೆರೆಗಳೇ ಸವೆದುಹೋಗಿವೆ. ನ್ಯಾಯಬೆಲೆ ಅಂಗಡಿಯಲ್ಲೂ ಪ್ರತಿ ತಿಂಗಳು ಇದೇ ಗೋಳು. ಹೆಬ್ಬೆಟ್ಟು ಇಡು, ಒರೆಸು, ಮತ್ತೆ ಇಡು, ಇನ್ನೊಂದು ಬೆರಳು ಇಡು. ಜೀವಮಾನವಿಡೀ ದುಡಿದವರಿಗೇ ಎಲ್ಲ ಕಡೆ ಬಾಗಿಲು ಮುಚ್ಚಿಕೊಳ್ಳುತ್ತದಾ?

ಇನ್ನೊಂದು ಕಾಟ. ಮಾತಾಡುವಾಗ ಫೋನ್ ಕಿವಿಗೆ ಹಿಡಿದರೆ ಪರದೆ ಆರಬೇಕು. ಇದು ಕೆಲವು ಸಲ ಆರುವುದಿಲ್ಲ. ಕೆನ್ನೆ ತಾಗಿ ಮ್ಯೂಟ್ ಆಗುತ್ತದೆ. ಬೆರಳಿಗೆ ಬಗ್ಗದ ಪರದೆ ಕೆನ್ನೆಗೆ ಮಾತ್ರ ಚೆನ್ನಾಗಿ ಬಗ್ಗುತ್ತದೆ. ಅಮ್ಮ ಮಾತಾಡುತ್ತಲೇ ಇರುತ್ತಾಳೆ, ಈ ಕಡೆ ನನಗೆ ಏನೂ ಕೇಳುವುದಿಲ್ಲ. ಡಬ್ಬಿಯಲ್ಲಿ ಚಾರ್ಜರ್ ಕೊಡದೆ ಬೇರೆ ದುಡ್ಡು ತೆಗೆದುಕೊಂಡದ್ದು, ಲಾಕ್ ಪರದೆ ಮೇಲೆ ಬರುವ ಜಾಹೀರಾತು, ಅವನ್ನೆಲ್ಲ ನಾನು ಸಹಿಸಿಕೊಂಡೇನು. ಇದನ್ನು ಸಹಿಸಲು ಆಗುವುದಿಲ್ಲ.

ಸರ್ವಿಸ್ ಸೆಂಟರ್‌ನಿಂದ ಬಂದ ರಾತ್ರಿ ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಒಳಗೆಲ್ಲೋ ಟಚ್ ಸೂಕ್ಷ್ಮತೆ ಜಾಸ್ತಿ ಮಾಡುವ ಆಯ್ಕೆ ಸಿಕ್ಕಿತು. ಅಂಗಡಿಯವನು ಅಂಟಿಸಿದ್ದ ದಪ್ಪ ಸ್ಕ್ರೀನ್ ಗಾರ್ಡ್ ಕಿತ್ತೆ. ಸ್ವಲ್ಪ ಸುಧಾರಿಸಿತು. ನಾಲ್ಕು ಸಲ ಎಳೆದರೆ ಒಂದು ಸಲ ಬರುತ್ತದೆ. ಈ ಮಾತನ್ನು ಅಂಗಡಿಯವನಾಗಲೀ ಸರ್ವಿಸ್ ಸೆಂಟರ್ ಹುಡುಗನಾಗಲೀ ಯಾಕೆ ಹೇಳಲಿಲ್ಲ? ಪವರ್ ಬಟನ್ ಒತ್ತಿ ಕರೆ ಕಡಿಯುವ ಆಯ್ಕೆಯೂ ಅಲ್ಲೇ ಇತ್ತು. ಕಡಿಯಲು ಬಟನ್ ಇದೆ, ಎತ್ತಲು ಇಲ್ಲ! ಫೋನ್ ಕಂಪನಿಯವರೇ, ಪಕ್ಕದಲ್ಲಿ ವಾಲ್ಯೂಮ್‌ಗೆ ಎರಡು ಬಟನ್ ಇಟ್ಟಿದ್ದೀರಿ. ಅದರಲ್ಲಿ ಒಂದನ್ನು ಒತ್ತಿದರೆ ಕರೆ ಎತ್ತುವ ಹಾಗೆ ಮಾಡಲು ನಿಮಗೆ ಎಷ್ಟು ಖರ್ಚಾಗುತ್ತಿತ್ತು?

ಅಮ್ಮನ ಹಳೆಯ ಕೀಪ್ಯಾಡ್ ಫೋನ್‌ನಲ್ಲಿ 5ರ ಮೇಲೆ ಒಂದು ಸಣ್ಣ ಉಬ್ಬು ಇತ್ತು. ಕತ್ತಲಲ್ಲೂ ಅದನ್ನು ತಡವಿ, ಅಲ್ಲಿಂದ ಲೆಕ್ಕ ಹಾಕಿ ನಂಬರ್ ಒತ್ತುತ್ತಿದ್ದಳು. ಅದನ್ನು ಮಾಡಿದವರು, ಕಾಣದವರೂ ಫೋನ್ ಬಳಸುತ್ತಾರೆ ಅಂತ ಒಂದು ನಿಮಿಷವಾದರೂ ಯೋಚಿಸಿದ್ದರು.

ಭಾನುವಾರ ಹೊರಡುವಾಗ ಅಮ್ಮ ಹೊಸದೊಂದು ಉಪಾಯ ತೋರಿಸಿದಳು. ಎಡಗೈ ಕಿರುಬೆರಳಲ್ಲಿ ಎಳೆದರೆ ಹೆಚ್ಚು ಸಲ ಬರುತ್ತದಂತೆ. ಅಡಿಕೆ ಸುಲಿಯುವಾಗ ಆ ಬೆರಳಿಗೆ ಜಾಸ್ತಿ ಕೆಲಸ ಇಲ್ಲ, ಅದಿನ್ನೂ ಮೆತ್ತಗಿದೆ. "ಹೀಂಗೇ ಅಭ್ಯಾಸ ಮಾಡ್ಕತ್ತೀನಿ ಬಿಡು, ನೀ ಬೇಜಾರು ಮಾಡ್ಕಬೇಡ" ಅಂದಳು. ಬಸ್ಸಿನಲ್ಲಿ ಕೂತ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಹಳೆಯ ಫೋನ್‌ನ ಬ್ಯಾಟರಿ ಉಬ್ಬಿದೆ ಅಷ್ಟೇ. ಹೊಸ ಬ್ಯಾಟರಿ ತೆಗೆದುಕೊಂಡಿದ್ದೇನೆ. ಬರುವ ವಾರ ಹೋಗಿ ಸಿಮ್ ಅದಕ್ಕೇ ಹಾಕಿ ಕೊಡುತ್ತೇನೆ. ಹೊಸದು ಮೊಮ್ಮಗಳ ಮುಖ ನೋಡಲು ಮಾತ್ರ ಇರಲಿ.