ಸಾಸಿವೆ ಡಬ್ಬಿಯಲ್ಲಿ ಎರಡು ಸ್ಕ್ರೂ

2014ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್ ಎಂಥ ಸ್ಥಿತಿಗೆ ಬಂದಿತ್ತೆಂದರೆ, ಬೆಳಿಗ್ಗೆ ಅದರ ಗುಂಡಿ ಒತ್ತಿ ಹೋಗಿ, ನೀರು ಕಾಯಿಸಿ, ಫಿಲ್ಟರಿಗೆ ಪುಡಿ ಹಾಕಿ, ಡಿಕಾಕ್ಷನ್ ಇಳಿಯುವವರೆಗೆ ಪತ್ರಿಕೆಯ ಶ್ರದ್ಧಾಂಜಲಿ ಪುಟವನ್ನೂ ಬಿಡದೆ ಓದಿ ಬಂದರೂ ಅದು ಪೂರ್ತಿ ಕಣ್ಣು ಬಿಟ್ಟಿರುತ್ತಿರಲಿಲ್ಲ.

ಸಲಹೆಗಳಿಗೆ ಬರವಿರಲಿಲ್ಲ. ಫೋಟೊಗಳು ಹೆಚ್ಚಾಗಿವೆ, ಅಳಿಸಿ ಎಂದು ಭಾವಮೈದ ಹೇಳಿದ್ದನ್ನು ನಂಬಿ ನಾನು ಮೊದಲು ಅಳಿಸಿದ್ದು ಅವನದೇ ಮದುವೆಯ ವಿಡಿಯೊವನ್ನು. ವೇಗ ಹೆಚ್ಚಲಿಲ್ಲ, ಅವನೊಂದಿಗೆ ಮಾತು ಕಡಿಮೆಯಾಯಿತು. ವೈರಸ್ ಇರಬಹುದೆಂದು ಸಹೋದ್ಯೋಗಿಯೊಬ್ಬರು ಸಂಶಯ ವ್ಯಕ್ತಪಡಿಸಿದ್ದರಿಂದ, ಇದ್ದ ಆ್ಯಂಟಿವೈರಸ್ ಜೊತೆಗೆ ಇನ್ನೊಂದನ್ನೂ ಹಾಕಿದೆ. ಒಂದೇ ಗೇಟಿಗೆ ನೇಮಿಸಿದ ಇಬ್ಬರು ಕಾವಲುಗಾರರಂತೆ ಅವು ಕಳ್ಳನನ್ನು ಬಿಟ್ಟು ಪರಸ್ಪರರ ಜೇಬು ತಪಾಸಣೆ ಮಾಡತೊಡಗಿದಾಗ, ಮೌಸಿನ ಬಾಣವೂ ನಿಂತುಹೋಯಿತು.

ಕೊನೆಗೆ, ಒಳಗೆ ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ನಾನು ಏನೂ ಮಾಡದೆ ಕುಳಿತಿರುವಾಗಲೂ ಡಿಸ್ಕ್ 100% ದುಡಿಯುತ್ತಿತ್ತು. (ಮನೆಯಲ್ಲಿ ಹಾಗೆ ದುಡಿಯುವವರು ಇನ್ನೊಬ್ಬರಿದ್ದಾರೆಂದು ಹಿಂದಿನಿಂದ ಒಂದು ದನಿ ಕೇಳಿಸಿತು.) ಕಾರಣ ಸರಳವಾಗಿತ್ತು. 4 ಜಿಬಿ ರ್‍ಯಾಮ್ ಎಂಬುದು ಚಿಕ್ಕ ಅಡುಗೆಕಟ್ಟೆ. ಅಲ್ಲಿ ಹಿಡಿಸದ ಪಾತ್ರೆಗಳನ್ನೆಲ್ಲ ಕಂಪ್ಯೂಟರ್ ಹಾರ್ಡ್ ಡಿಸ್ಕ್ ಎಂಬ ಅಟ್ಟಕ್ಕೆ ಏರಿಸಿ, ಬೇಕಾದಾಗ ಮತ್ತೆ ಇಳಿಸಿಕೊಳ್ಳುತ್ತದೆ. ನಿಮಿಷಕ್ಕೆ 5,400 ಸುತ್ತು ತಿರುಗುವ ನನ್ನ ಡಿಸ್ಕಿಗೆ ಈ ಏಣಿ ಹತ್ತಿ ಇಳಿಯುವ ಕೆಲಸದಲ್ಲೇ ದಿನ ಕಳೆಯುತ್ತಿತ್ತು.

ಇಷ್ಟು ತಿಳಿದ ಮೇಲೆ ಸುಮ್ಮನಿರಬೇಕಿತ್ತು. ಆದರೆ ಬಿಸಿಯೇರಿದಾಗ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ ಎಂದು ಓದಿದ್ದ ನಾನು, ಫ್ಯಾನಿನ ದೂಳನ್ನೂ ತೆಗೆದೇಬಿಡೋಣವೆಂದು ಭಾನುವಾರ ಊಟದ ಮೇಜಿನ ಮೇಲೆ ಅದರ ಬೆನ್ನು ಬಿಚ್ಚಿದೆ. ಹಾಸಿಗೆಯ ಮೇಲಿಟ್ಟುಕೊಂಡು ಕೆಲಸ ಮಾಡುವ ಅಭ್ಯಾಸದಿಂದಾಗಿ, ಗಾಳಿ ಹೊರಹೋಗುವ ಕಿಂಡಿಯಲ್ಲಿ ಪುಟ್ಟದೊಂದು ದಿಂಬಿಗೆ ಸಾಲುವಷ್ಟು ಹತ್ತಿ ಸೇರಿತ್ತು. ಬಿಚ್ಚಿದ ಹನ್ನೊಂದು ಸ್ಕ್ರೂಗಳನ್ನು ಕಳೆದುಹೋಗದಿರಲೆಂದು ಕೈಗೆ ಸಿಕ್ಕ ಮುಚ್ಚಳದಲ್ಲಿಟ್ಟಿದ್ದೆ. ಅದು ಒಗ್ಗರಣೆ ಡಬ್ಬಿಯ ಸಾಸಿವೆ ಬಟ್ಟಲಿನ ಮುಚ್ಚಳವೆಂದು ತಿಳಿದದ್ದು, ಪತ್ನಿ ಅದನ್ನು ಎತ್ತಿ ಬಟ್ಟಲಿನ ಮೇಲೆ ಕವುಚಿದ ನಂತರವೇ.

ಆ ಸ್ಕ್ರೂಗಳೂ ಕಪ್ಪು, ಸಾಸಿವೆಯೂ ಕಪ್ಪು. ಗಾತ್ರದಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತಟ್ಟೆಯಲ್ಲಿ ಹರಡಿ ಕನ್ನಡಕವೇರಿಸಿ ಅರ್ಧ ಗಂಟೆ ಆರಿಸಿದಾಗ ನಾಲ್ಕು ಸಿಕ್ಕವು. ಅಷ್ಟೂ ಹೊತ್ತು ನೋಡುತ್ತ ನಿಂತಿದ್ದ ಮಗಳು, ಫ್ರಿಜ್ಜಿನ ಬಾಗಿಲಿನಿಂದ ಆಯಸ್ಕಾಂತ ಕಿತ್ತು ತಂದು ಒಂದು ಸಲ ಆಡಿಸಿದಳು, ಐದು ಬಂದವು. ಉಳಿದೆರಡು ಬರಲಿಲ್ಲ.

ಮರುದಿನ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯ ಹುಡುಗ ಹಳೆಯ ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ, ಅದಕ್ಕಿಂತ ಎಷ್ಟೋ ವೇಗದ ಎಸ್‌ಎಸ್‌ಡಿ ಹಾಕಿ, ಇನ್ನೊಂದು 4 ಜಿಬಿ ರ್‍ಯಾಮ್ ಸೇರಿಸಿದ. ಮುಚ್ಚುವಾಗ, “ಇನ್ನೆರಡು ಸ್ಕ್ರೂ ಎಲ್ಲಿ ಸಾರ್?” ಎಂದು ಕೇಳಿದ. ಮನೆಯಲ್ಲಿವೆ ಎಂದೆ, ಸುಳ್ಳೇನಲ್ಲ.

ಈಗ ಲ್ಯಾಪ್‌ಟಾಪ್ ನಾನು ಒಲೆಯ ಮೇಲೆ ನೀರಿಡುವ ಮೊದಲೇ ಎದ್ದು ಕುಳಿತಿರುತ್ತದೆ. ನಿಧಾನವಾಗಿರುವುದು ನಮ್ಮ ಮನೆಯ ಒಗ್ಗರಣೆ ಮಾತ್ರ. ಎಣ್ಣೆ ಕಾದ ಮೇಲೂ ಪತ್ನಿ ಸಾಸಿವೆಯ ಮೇಲೆ ಆಯಸ್ಕಾಂತವನ್ನು ಎರಡು ಸುತ್ತು ನಿವಾಳಿಸಿಯೇ ಬಾಣಲೆಗೆ ಹಾಕುತ್ತಾಳೆ.