ಲಿಫ್ಟ್ ಮಾರಾಟವಾಗಿದ್ದು ಬಾಡಿಗೆ ಲೆಕ್ಕದಿಂದ

ಅದೇ ಪೋಸ್ಟ್ ಇವತ್ತು ಮತ್ತೆ ಓಡಾಡ್ತಿದೆ. ಅಮೆರಿಕದ ಮೆಕ್ಯಾನಿಕ್ ಎಲಿಶಾ ಓಟಿಸ್ ಲಿಫ್ಟ್ ಕಂಡುಹಿಡಿದನಂತೆ, ಜನರೆದುರು ಹಗ್ಗ ಕತ್ತರಿಸಿ ತೋರಿಸಿದನಂತೆ, ಮರುದಿನದಿಂದಲೇ ಗಗನಚುಂಬಿಗಳು ಎದ್ದವಂತೆ. ಹಗ್ಗ ಕತ್ತರಿಸಿದ್ದು ನಿಜ, 1854ರಲ್ಲಿ, ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೇಸ್ ಪ್ರದರ್ಶನದಲ್ಲಿ. ಮಿಕ್ಕ ಎರಡೂ ತಪ್ಪು. ಪ್ರತಿ ಸಲ ಓದಿದಾಗಲೂ ಸಿಟ್ಟು ಬರುತ್ತೆ.

ಸರಕು ಎತ್ತುವ ಯಂತ್ರಗಳು ಗಿರಣಿಗಳಲ್ಲಿ ಮೊದಲೇ ಇದ್ದವು. ಓಟಿಸ್ ಸೇರಿಸಿದ್ದು ಒಂದು ಹಿಡಿತ. ಕುದುರೆಗಾಡಿಯ ಪಟ್ಟಿ ಸ್ಪ್ರಿಂಗನ್ನು ತೊಟ್ಟಿಲಿನ ನೆತ್ತಿಗೆ ಕೂರಿಸಿ, ಎತ್ತುವ ಹಗ್ಗವನ್ನು ಆ ಸ್ಪ್ರಿಂಗಿನ ನಡುವಿಗೇ ಕಟ್ಟಿದ. ಭಾರ ಹಗ್ಗದ ಮೇಲಿರುವ ತನಕ ಸ್ಪ್ರಿಂಗ್ ಬಿಲ್ಲಿನಂತೆ ಬಾಗಿರುತ್ತೆ. ಹಗ್ಗ ಹರಿದ ಕ್ಷಣ ಅದು ನೆಟ್ಟಗಾಗಿ, ಎರಡೂ ತುದಿಗಳು ಪಕ್ಕದ ಕಂಬಗಳ ಗರಗಸದಂಥ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತವೆ. ಸೊಗಸಾದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಗ್ಗ ಬಿಗಿಯಾಗಿಯೇ ಇದ್ದು ವೇಗ ಕೈಮೀರಿದರೆ ಈ ಸ್ಪ್ರಿಂಗಿಗೆ ಗೊತ್ತೇ ಆಗಲ್ಲ. ಅದಕ್ಕೆ ಮುಂದೆ ವೇಗ ಗಮನಿಸಿ ಹಿಡಿಯುವ ಗವರ್ನರ್ ಎಂಬ ಸಾಧನ ಬರಬೇಕಾಯಿತು.

ಇಷ್ಟಾದರೂ ಕಟ್ಟಡದ ಮಾಲೀಕರು ಸಾಲುಗಟ್ಟಿ ಬಂದು ಕೊಳ್ಳಲಿಲ್ಲ. ಮಾರಾಟವಾದವು ಸರಕಿನ ಲಿಫ್ಟ್‌ಗಳು. ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಹಾವೌಟ್ ಅವರ ಐದಂತಸ್ತಿನ ಪಿಂಗಾಣಿ, ಗಾಜಿನ ಅಂಗಡಿಗೆ ಜನರನ್ನು ಹೊರುವ ಲಿಫ್ಟ್ ಬಂದಿದ್ದು 1857ರಲ್ಲಿ. ಉಗಿಯಂತ್ರದ್ದು, ವೇಗ ನಿಮಿಷಕ್ಕೆ ಸುಮಾರು 40 ಅಡಿ. ಓಟಿಸ್ 1861ರಲ್ಲಿ ತೀರಿಕೊಂಡ. ಲಿಫ್ಟ್ ಇರುವ ಆಫೀಸು ಕಟ್ಟಡ ಅವನು ನೋಡಲೇ ಇಲ್ಲ.

ಭಯ ಹೋಗದೆ ಜನ ಹತ್ತುತ್ತಿದ್ದರಾ ಅಂತ ಕೇಳುವವರಿದ್ದಾರೆ. ಹಾಗಾದರೆ ಓಟಿಸ್ ಟಫ್ಟ್ಸ್ ಕಥೆ ಕೇಳಿ (ಇವನೇ ಬೇರೆ, ಅವನೇ ಬೇರೆ). 1859ರಲ್ಲಿ ಫಿಫ್ತ್ ಅವೆನ್ಯೂ ಹೋಟೆಲಿಗೆ ಅವನು ಹಾಕಿದ ಲಿಫ್ಟಿನಲ್ಲಿ ಹಗ್ಗವೇ ಇರಲಿಲ್ಲ. ಕಟ್ಟಡದ ಎತ್ತರಕ್ಕೂ ನಿಂತ ಒಂದು ದೈತ್ಯ ಕಬ್ಬಿಣದ ಸ್ಕ್ರೂ, ಅದು ತಿರುಗಿದಂತೆ ಕೋಣೆ ಮೇಲೆ ಹೋಗುತ್ತಿತ್ತು. ಹರಿಯಲು ಏನೂ ಇಲ್ಲ. ಅದಕ್ಕಿಂತ ಭದ್ರವಾದದ್ದು ಇನ್ನೇನು ಬೇಕು? ಆದರೂ ತೀರಾ ನಿಧಾನ, ಭಾರ, ದುಬಾರಿ. ಹಾಗಾಗಿ ಹೆಚ್ಚು ಕೊಳ್ಳುವವರು ಸಿಗಲಿಲ್ಲ. ಸುರಕ್ಷತೆಯೊಂದೇ ಸಾಕಾಗಿದ್ದರೆ ಊರೆಲ್ಲ ಸ್ಕ್ರೂ ಲಿಫ್ಟ್ ಇರಬೇಕಿತ್ತು.

ಮಾಲೀಕನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಲೆಕ್ಕ. ಲಿಫ್ಟ್ ಓಡಾಡುವ ಬಾವಿಗೆ ಪ್ರತಿ ಮಹಡಿಯಲ್ಲೂ ಬಾಡಿಗೆ ಬರುವ ಜಾಗ ಹೋಗುತ್ತೆ. ನೆಲಮಾಳಿಗೆಯಲ್ಲಿ ಬಾಯ್ಲರ್, ಎಂಜಿನ್. ದಿನಾ ಕಲ್ಲಿದ್ದಲು. ಎಂಜಿನ್ ನೋಡಿಕೊಳ್ಳಲು ಒಬ್ಬ, ಒಳಗೆ ನಿಂತು ಓಡಿಸಲು ಒಬ್ಬ. ಸವೆದ ಹಗ್ಗ ಬದಲಿಸುತ್ತಿರಬೇಕು. ಇದೆಲ್ಲ ಯಾಕೆ? ಮೆಟ್ಟಿಲು ಹತ್ತುವ ಕಟ್ಟಡದಲ್ಲಿ ಮೇಲೆ ಹೋದಷ್ಟೂ ಬಾಡಿಗೆ ಇಳಿಯುತ್ತಿತ್ತು, ನಾಲ್ಕೈದು ಮಹಡಿಗಿಂತ ಮೇಲೆ ಯಾರಿಗೂ ಬೇಡವಾಗಿತ್ತು. ಆ ಬೇಡದ ಮಹಡಿಯನ್ನು ದುಡಿಯುವ ಮಹಡಿ ಮಾಡಿಕೊಡುತ್ತೆ ಅಂತ ನಂಬಿಸಿದಾಗಲೇ ಲಿಫ್ಟ್ ಮಾರಾಟವಾಗಿದ್ದು.

ಅದನ್ನು ಆಫೀಸು ಕಟ್ಟಡದಲ್ಲಿ ತೋರಿಸಿಕೊಟ್ಟಿದ್ದು 1870ರಲ್ಲಿ ನ್ಯೂಯಾರ್ಕಿನಲ್ಲಿ ತೆರೆದ ಈಕ್ವಿಟಬಲ್ ವಿಮಾ ಕಂಪನಿಯ ಕಟ್ಟಡ. ವಾಸ್ತುಶಿಲ್ಪಿಗಳಲ್ಲೊಬ್ಬರಾದ ಜಾರ್ಜ್ ಪೋಸ್ಟ್ ತಮ್ಮ ಕಚೇರಿಯನ್ನೇ ಮೇಲಿನ ಮಹಡಿಗೆ ಬಾಡಿಗೆಗೆ ಒಯ್ದರು. ಇನ್ನೂರು ಮಾತಿಗಿಂತ ಇದು ದೊಡ್ಡದು. ಬೀದಿಯ ಧೂಳಿಲ್ಲ, ಗಾಡಿಗಳ ಸದ್ದಿಲ್ಲ, ಬೆಳಕು ಧಾರಾಳ ಅಂತ ಬಾಡಿಗೆದಾರರೇ ಮೇಲಕ್ಕೆ ಹೊರಟರು. 1875ರ ಹೊತ್ತಿಗೆ ಅದೇ ಪೋಸ್ಟ್ ಅವರ ವೆಸ್ಟರ್ನ್ ಯೂನಿಯನ್ ಟೆಲಿಗ್ರಾಫ್ ಕಂಪನಿಯ ಕಟ್ಟಡವೂ, ಟ್ರಿಬ್ಯೂನ್ ಪತ್ರಿಕೆಯ ಕಟ್ಟಡವೂ ಎತ್ತರದಲ್ಲಿ ಅದನ್ನು ಮೀರಿಸಿ ನಿಂತವು. ಬೆಂಗಳೂರಿನ ಬಿಲ್ಡರುಗಳು ಇವತ್ತು ಮೇಲಿನ ಫ್ಲಾಟಿಗೆ ಚದರಡಿ ಲೆಕ್ಕದಲ್ಲಿ ಹಾಕುವ ಫ್ಲೋರ್ ರೈಸ್ ಚಾರ್ಜಿನ ಬೇರು ಅಲ್ಲಿದೆ.

ಹಂಚುವುದಿದ್ದರೆ ಹಂಚಿ. ಆದರೆ ಹಗ್ಗ ಕತ್ತರಿಸುವ ಆ ಚಿತ್ರದ ಪಕ್ಕದಲ್ಲಿ ಈಕ್ವಿಟಬಲ್ ಕಟ್ಟಡದ ಫೋಟೋ ಒಂದನ್ನೂ ಹಾಕಿ.